ಸದ್ದಿಲ್ಲದೆ ಕೆಡುವ ಮಾಹಿತಿ: ಡಿಸ್ಕುಗಳಿಗೆ ಚೆಕ್‌ಸಮ್ ಕಾವಲು

ಕಂಪ್ಯೂಟರಿನ ಡಿಸ್ಕು ಕೆಟ್ಟಿತು ಎಂದಾಗ ನಮ್ಮ ಮನಸ್ಸಿಗೆ ಬರುವ ಚಿತ್ರ ಸಾಮಾನ್ಯವಾಗಿ ಒಂದೇ. ಯಂತ್ರ ಶುರುವಾಗುವುದಿಲ್ಲ, ಕಡತ ತೆರೆಯುವುದಿಲ್ಲ, ಪರದೆಯ ಮೇಲೆ ‘ಓದಲಾಗುತ್ತಿಲ್ಲ’ ಎಂಬ ಸಂದೇಶ ಕಾಣಿಸುತ್ತದೆ. ಇದು ನಷ್ಟವೇ ಸರಿ. ಆದರೆ ಇಲ್ಲಿ ಡಿಸ್ಕು ತನ್ನ ಕೈಲಾಗದು ಎಂದು ಒಪ್ಪಿಕೊಂಡಿದೆ. ನಾವು ಬೇರೆ ಪ್ರತಿಯನ್ನು ಹುಡುಕಬಹುದು.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಬಗೆಯ ದೋಷವಿದೆ. ಡಿಸ್ಕು ಕೇಳಿದ ಮಾಹಿತಿಯನ್ನು ತಡವಿಲ್ಲದೆ ಕೊಡುತ್ತದೆ, ಎಲ್ಲವೂ ಸರಿಯಾಗಿದೆ ಎಂದೂ ಹೇಳುತ್ತದೆ. ಆದರೆ ಕೊಟ್ಟ ಮಾಹಿತಿ ತಪ್ಪಾಗಿರುತ್ತದೆ. ಒಂದು ಉದಾಹರಣೆ ನೋಡಿ. ಆಸ್ಕಿ ಸಂಕೇತದಲ್ಲಿ 8 ಎಂಬ ಅಂಕಿಯನ್ನು 00111000 ಎಂದು ಬರೆಯುತ್ತಾರೆ. 0 ಎಂಬ ಅಂಕಿ 00110000. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಅಂಕಪಟ್ಟಿಯ ಕಡತದಲ್ಲಿ ಆ ಒಂದು ಬಿಟ್ ಮಗುಚಿದರೆ 38 ಇದ್ದದ್ದು 30 ಆಗುತ್ತದೆ. ಪಾಸಾದ ವಿದ್ಯಾರ್ಥಿ ನಪಾಸಾಗುತ್ತಾನೆ. ಕಡತ ಸರಾಗವಾಗಿ ತೆರೆಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಬ್ಯಾಂಕಿನ ಖಾತೆ, ಆಸ್ಪತ್ರೆಯ ರಕ್ತದ ಗುಂಪಿನ ದಾಖಲೆ, ಜಮೀನಿನ ಸರ್ವೆ ನಂಬರು, ಇವುಗಳಿಗೆಲ್ಲ ಇದೇ ಗತಿ ಬರಬಹುದು. ತಜ್ಞರು ಇದನ್ನು ‘ಮೌನ ವಿಕೃತಿ’ ಎನ್ನುತ್ತಾರೆ.

ದೊಡ್ಡ ಸಂಸ್ಥೆಗಳ ಸಂಗ್ರಹ ವ್ಯವಸ್ಥೆಗಳು ಈ ಮೌನ ವಿಕೃತಿಯನ್ನು ಹಿಡಿಯಲು ಬಳಸುವ ಮುಖ್ಯ ಉಪಾಯವೇ ಚೆಕ್‌ಸಮ್. ಕನ್ನಡದಲ್ಲಿ ‘ತಾಳೆಮೊತ್ತ’ ಎನ್ನಬಹುದು. ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ಎಲ್ಲಿ ಇಟ್ಟರೆ ಯಾವ ದೋಷ ಸಿಕ್ಕಿಬೀಳುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕೊನೆಯ ಅಂಕಿಯ ಕೆಲಸ

ತಾಳೆಮೊತ್ತದ ತತ್ತ್ವ ನಿಮಗೆ ಹೊಸದಲ್ಲ. ನಿಮ್ಮ ಬಳಿ ಇರುವ ಯಾವುದಾದರೂ ಪುಸ್ತಕದ ಹಿಂಬದಿಯಲ್ಲಿ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆ ಇದೆಯೇ ನೋಡಿ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು ಮತ್ತೆ 1ರಿಂದ, ಹೀಗೆ ಸರದಿಯಂತೆ ಗುಣಿಸಿ ಎಲ್ಲವನ್ನೂ ಕೂಡಿ. ಬರುವ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಾಗಿದೆ. ಹೀಗೆ ಭಾಗವಾಗುವಂತೆ ನೋಡಿಕೊಳ್ಳಲೆಂದೇ ಕೊನೆಯ ಅಂಕಿಯನ್ನು ಸೇರಿಸಿರುತ್ತಾರೆ. ಆಧಾರ್ ಸಂಖ್ಯೆಯ 12ನೆಯ ಅಂಕಿಯೂ ಇಂಥದೇ ಕಾವಲುಗಾರ. ಅದನ್ನು ಕಂಡುಹಿಡಿಯಲು ಬಳಸುವ ಕ್ರಮಕ್ಕೆ ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ ಅವರ ಹೆಸರಿದೆ.

ಇಲ್ಲಿರುವ ಸಾಮಾನ್ಯ ಸೂತ್ರ ಇಷ್ಟೆ. ಮಾಹಿತಿಯಿಂದ ಒಂದು ಚಿಕ್ಕ ಸಂಖ್ಯೆಯನ್ನು ಲೆಕ್ಕ ಹಾಕಿ ಮಾಹಿತಿಯೊಡನೆ ಇಡುವುದು. ಮುಂದೆ ಮಾಹಿತಿಯನ್ನು ಓದಿದಾಗ ಅದೇ ಲೆಕ್ಕವನ್ನು ಮತ್ತೆ ಮಾಡುವುದು. ಎರಡೂ ತಾಳೆಯಾದರೆ ಮಾಹಿತಿ ಸರಿಯಿದೆ ಎಂದು ನಂಬುವುದು. ತಾಳೆಯಾಗದಿದ್ದರೆ ಅದನ್ನು ತಿರಸ್ಕರಿಸುವುದು.

ಬರಿದೆ ಕೂಡಿದರೆ ಸಾಲದು

ಅತ್ಯಂತ ಸರಳವಾದ ತಾಳೆಮೊತ್ತವೆಂದರೆ ಎಲ್ಲ ಬೈಟುಗಳನ್ನೂ ಕೂಡುವುದು. 12, 7, 25, 3, 18 ಎಂಬ ಐದು ಬೈಟುಗಳನ್ನು ತೆಗೆದುಕೊಳ್ಳಿ. ಮೊತ್ತ 65. ಒಂದು ಬೈಟು ಬದಲಾದರೆ ಮೊತ್ತವೂ ಬದಲಾಗುತ್ತದೆ. ಆದರೆ 7 ಮತ್ತು 25 ಸ್ಥಾನ ಅದಲುಬದಲಾದರೆ? ಮೊತ್ತ 65 ಆಗಿಯೇ ಉಳಿಯುತ್ತದೆ. ಕೂಡುವ ಕ್ರಮಕ್ಕೆ ಸ್ಥಾನದ ಅರಿವಿಲ್ಲ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿದ್ದ ಜಾನ್ ಫ್ಲೆಚರ್ 1982ರಲ್ಲಿ ಪ್ರಕಟಿಸಿದ ಕ್ರಮ ಈ ಕೊರತೆಯನ್ನು ನೀಗುತ್ತದೆ. ಇದರಲ್ಲಿ ಎರಡು ಮೊತ್ತಗಳಿವೆ. ಒಂದು, ಬೈಟುಗಳ ಏರುಮೊತ್ತ. ಇನ್ನೊಂದು, ಆ ಏರುಮೊತ್ತಗಳ ಮೊತ್ತ. ಮೇಲಿನ ಉದಾಹರಣೆಯಲ್ಲಿ ಏರುಮೊತ್ತಗಳು 12, 19, 44, 47, 65. ಇವುಗಳ ಮೊತ್ತ 187. ಈಗ 7 ಮತ್ತು 25ನ್ನು ಅದಲುಬದಲು ಮಾಡಿ. ಏರುಮೊತ್ತಗಳು 12, 37, 44, 47, 65 ಆಗುತ್ತವೆ. ಮೊದಲ ಮೊತ್ತ 65 ಹಾಗೆಯೇ ಇದೆ, ಎರಡನೆಯದು ಮಾತ್ರ 205 ಆಗಿದೆ. ತಪ್ಪು ಸಿಕ್ಕಿತು. ಮುಂದೆ ಬರುವ ಬೈಟು ಹೆಚ್ಚು ಸಲ ಲೆಕ್ಕಕ್ಕೆ ಸೇರುತ್ತದೆ, ಹಿಂದೆ ಬರುವುದು ಕಡಿಮೆ ಸಲ. ಸ್ಥಾನದ ಅರಿವು ಬರುವುದು ಇದರಿಂದಲೇ. (ವಾಸ್ತವದಲ್ಲಿ ಮೊತ್ತಗಳು ಬೆಳೆಯುತ್ತ ಹೋಗದಂತೆ 255ರಂಥ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೆ ಇಟ್ಟುಕೊಳ್ಳುತ್ತಾರೆ.) ಕೂಡುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ಕಾರಣ ಈ ಕ್ರಮ ಬಹಳ ವೇಗವಾದದ್ದು.

ಭಾಗಿಸಿ ಉಳಿಯುವ ಶೇಷ

ಡಿಸ್ಕು ಮತ್ತು ಜಾಲಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಆರ್‌ಸಿ ಎಂಬ ಕ್ರಮ. ‘ಆವರ್ತ ಮಿಗುತಿ ಪರೀಕ್ಷೆ’ ಎಂದು ಅದರ ಅರ್ಥ. ಡಬ್ಲ್ಯು. ವೆಸ್ಲಿ ಪೀಟರ್ಸನ್ 1961ರಲ್ಲಿ ಇದನ್ನು ಪ್ರಕಟಿಸಿದರು. ಇಲ್ಲಿ ಮಾಹಿತಿಯನ್ನು ಒಂದು ಉದ್ದನೆಯ ದ್ವಿಮಾನ ಸಂಖ್ಯೆ ಎಂದು ಭಾವಿಸಿ, ಗೊತ್ತುಪಡಿಸಿದ ಇನ್ನೊಂದು ಸಂಖ್ಯೆಯಿಂದ ಭಾಗಿಸುತ್ತೇವೆ. ಉಳಿದ ಶೇಷವೇ ತಾಳೆಮೊತ್ತ. ಭಾಗಾಕಾರದಲ್ಲಿ ಕಳೆಯುವಾಗ ದಶಕ ತರುವ ಕೆಲಸವಿಲ್ಲ. ಎರಡು ಬಿಟ್‌ಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. ಇದನ್ನು ‘ಎಕ್ಸಾರ್’ ಕ್ರಿಯೆ ಎನ್ನುತ್ತಾರೆ.

ಪೆನ್ನು ಕಾಗದ ಹಿಡಿದು ಮಾಡಿ ನೋಡಿ. ಮಾಹಿತಿ 1101, ಭಾಜಕ 1011 ಇರಲಿ. ಶೇಷಕ್ಕೆ ಜಾಗ ಬೇಕಾದ್ದರಿಂದ ಮಾಹಿತಿಯ ಮುಂದೆ ಮೂರು ಸೊನ್ನೆ ಸೇರಿಸಿ.

1101000
1011000 ಕಳೆದಾಗ 0110000
0101100 ಕಳೆದಾಗ 0011100
0010110 ಕಳೆದಾಗ 0001010
0001011 ಕಳೆದಾಗ 0000001

ಶೇಷ 001. ಇದನ್ನು ಸೊನ್ನೆಗಳ ಜಾಗದಲ್ಲಿ ಇಟ್ಟರೆ 1101001. ಇದನ್ನು 1011ರಿಂದ ಮತ್ತೆ ಭಾಗಿಸಿದರೆ ಶೇಷ ಸೊನ್ನೆಯಾಗುತ್ತದೆ. ಈಗ ಎಡದಿಂದ ಮೂರನೆಯ ಬಿಟ್ ಮಗುಚಿ 1111001 ಆಯಿತು ಎನ್ನಿ. ಭಾಗಿಸಿದರೆ ಶೇಷ 110. ಸೊನ್ನೆಯಲ್ಲ, ಆದ್ದರಿಂದ ತಪ್ಪು ನುಸುಳಿದೆ.

ನಿಜವಾದ ವ್ಯವಸ್ಥೆಗಳಲ್ಲಿ ಶೇಷ 16 ಅಥವಾ 32 ಬಿಟ್ ಉದ್ದವಿರುತ್ತದೆ. 16 ಬಿಟ್‌ನ ಸಿಆರ್‌ಸಿ, 16 ಬಿಟ್ ಅಥವಾ ಅದಕ್ಕಿಂತ ಕಡಿಮೆ ಉದ್ದದ ಒಂದೇ ಗುಂಪಿನಲ್ಲಿ ಆಗುವ ಎಲ್ಲ ತಪ್ಪುಗಳನ್ನೂ ಖಚಿತವಾಗಿ ಹಿಡಿಯುತ್ತದೆ. ಡಿಸ್ಕಿನ ತಪ್ಪುಗಳು ಹೆಚ್ಚಾಗಿ ಅಕ್ಕಪಕ್ಕದ ಬಿಟ್‌ಗಳಲ್ಲಿ ಗುಂಪಾಗಿ ಬರುವುದರಿಂದ ಇದು ದೊಡ್ಡ ಅನುಕೂಲ. ಇನ್ನು ಮಾಹಿತಿ ಪೂರ್ತಿಯಾಗಿ ಕಲಸಿಹೋದರೆ, ಅದು ಆಕಸ್ಮಿಕವಾಗಿ ತಾಳೆಯಾಗಿ ತಪ್ಪಿಸಿಕೊಳ್ಳುವ ಸಂಭವ 65,536ಕ್ಕೆ ಒಂದು. 32 ಬಿಟ್‌ನ ಶೇಷವಿದ್ದರೆ ಈ ಸಂಭವ ಸುಮಾರು 429 ಕೋಟಿಗೆ ಒಂದಕ್ಕೆ ಇಳಿಯುತ್ತದೆ.

ಡಿಸ್ಕಿನ ಒಳಗಿನ ಕಾವಲು

ಡಿಸ್ಕು ತನ್ನೊಳಗೇ ಒಂದು ಕಾವಲನ್ನು ಇಟ್ಟುಕೊಂಡಿರುತ್ತದೆ. ಪ್ರತಿ ಸೆಕ್ಟರಿನ ಕೊನೆಯಲ್ಲಿ, ನಮಗೆ ಕಾಣದಂತೆ, ದೋಷ ತಿದ್ದುವ ಸಂಕೇತವನ್ನು ಅದು ಬರೆಯುತ್ತದೆ. 512 ಬೈಟಿನ ಸೆಕ್ಟರಿಗೆ ಸುಮಾರು 50 ಬೈಟು, ಹೊಸ ಬಗೆಯ 4096 ಬೈಟಿನ ಸೆಕ್ಟರಿಗೆ ಸುಮಾರು 100 ಬೈಟು ಇದಕ್ಕೆ ಮೀಸಲು. ಮೊದಲು ಇದಕ್ಕಾಗಿ 1960ರಲ್ಲಿ ಪ್ರಕಟವಾದ ರೀಡ್-ಸಾಲೊಮನ್ ಸಂಕೇತವನ್ನು ಬಳಸುತ್ತಿದ್ದರು. ಈಚಿನ ಡಿಸ್ಕುಗಳಲ್ಲಿ ಎಲ್‌ಡಿಪಿಸಿ ಎಂಬ ಸಂಕೇತ ಬಂದಿದೆ. ಕಾಂತೀಯ ಪದರದಲ್ಲಿ ಕೆಲವು ಬಿಟ್‌ಗಳು ಮಸುಕಾದರೆ ಡಿಸ್ಕು ಇದರ ನೆರವಿನಿಂದ ತಾನೇ ತಿದ್ದಿಕೊಳ್ಳುತ್ತದೆ. ತಿದ್ದಲಾಗದಷ್ಟು ಹಾಳಾಗಿದ್ದರೆ ‘ಓದಲಾಗಲಿಲ್ಲ’ ಎಂದು ವರದಿ ಮಾಡುತ್ತದೆ.

ಹಾಗಿದ್ದರೆ ಇನ್ನೊಂದು ಕಾವಲು ಏಕೆ ಬೇಕು? ಒಳಗಿನ ಸಂಕೇತ ಕಾಯುವುದು ತಟ್ಟೆಯ ಮೇಲೆ ಬರೆದ ನಂತರದ ಮಾಹಿತಿಯನ್ನು ಮಾತ್ರ. ಮಾಹಿತಿ ತಟ್ಟೆಗೆ ತಲುಪುವ ಮೊದಲು ಕಂಪ್ಯೂಟರಿನ ಸ್ಮೃತಿ, ನಿಯಂತ್ರಕ ಕಾರ್ಡು, ಕೇಬಲ್ಲು, ಡಿಸ್ಕಿನೊಳಗಿನ ತಾತ್ಕಾಲಿಕ ಸ್ಮೃತಿ ಇವನ್ನೆಲ್ಲ ಹಾದು ಬರುತ್ತದೆ. ಡಿಸ್ಕಿನೊಳಗೆ ಓಡುವ ತಂತ್ರಾಂಶದಲ್ಲಿಯೂ ದೋಷಗಳಿರಬಹುದು. ದಾರಿಯಲ್ಲಿ ಕೆಟ್ಟ ಮಾಹಿತಿ ಡಿಸ್ಕಿಗೆ ಬಂದರೆ, ಡಿಸ್ಕು ಆ ಕೆಟ್ಟ ಮಾಹಿತಿಗೇ ಸರಿಯಾದ ಸಂಕೇತವನ್ನು ಲೆಕ್ಕ ಹಾಕಿ ಜೋಪಾನವಾಗಿ ಬರೆದಿಡುತ್ತದೆ.

ರೇಡ್ ವ್ಯವಸ್ಥೆಗೆ ತಿಳಿಯದ ಸಂಗತಿ

ದೊಡ್ಡ ಸಂಗ್ರಹ ವ್ಯವಸ್ಥೆಗಳಲ್ಲಿ ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿರುತ್ತಾರೆ. ಒಂದು ಡಿಸ್ಕು ಸತ್ತರೂ ಮಾಹಿತಿ ಉಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಇದಕ್ಕೆ ‘ರೇಡ್’ ಎಂಬ ಹೆಸರಿಟ್ಟರು. ಇದು ಇದ್ದರೆ ಮಾಹಿತಿ ಪೂರ್ತಿ ಸುರಕ್ಷಿತ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಎಷ್ಟು ನಿಜ ಎಂದು ಪರೀಕ್ಷಿಸೋಣ.

ಮೂರು ಡಿಸ್ಕುಗಳಲ್ಲಿ 1010, 0110, 0011 ಎಂಬ ಮಾಹಿತಿ ಇದೆ ಎನ್ನಿ. ಮೂರನ್ನೂ ಎಕ್ಸಾರ್ ಮಾಡಿದರೆ 1111. ಇದು ನಾಲ್ಕನೆಯ ಡಿಸ್ಕಿನಲ್ಲಿರುವ ಸಮತಾ ಮಾಹಿತಿ. ಎರಡನೆಯ ಡಿಸ್ಕು ಸತ್ತುಹೋದರೆ ಉಳಿದ 1010, 0011, 1111 ಇವುಗಳ ಎಕ್ಸಾರ್ ಮಾಡಿ. 0110 ಮರಳಿ ಸಿಗುತ್ತದೆ.

ಈಗ ಎರಡನೆಯ ಡಿಸ್ಕು ಸಾಯದೆ, 0110ರ ಬದಲು ಸದ್ದಿಲ್ಲದೆ 0111 ಕೊಡುತ್ತದೆ ಎನ್ನಿ. ಮೊದಲನೆಯದಾಗಿ, ಸಾಮಾನ್ಯ ಓದಿನಲ್ಲಿ ರೇಡ್ ವ್ಯವಸ್ಥೆ ಸಮತಾ ಮಾಹಿತಿಯನ್ನು ನೋಡುವುದೇ ಇಲ್ಲ. ಕೇಳಿದ ಡಿಸ್ಕಿನಿಂದ ಓದಿ ಕೊಟ್ಟುಬಿಡುತ್ತದೆ. ಎರಡನೆಯದಾಗಿ, ನೋಡಿದರೂ ಮೂರರ ಎಕ್ಸಾರ್ 1110 ಬರುತ್ತದೆ, ಸಮತಾ ಡಿಸ್ಕಿನಲ್ಲಿರುವುದು 1111. ಯಾರೋ ಒಬ್ಬರು ತಪ್ಪು ಹೇಳುತ್ತಿದ್ದಾರೆ. ಯಾರು? ಮೊದಲನೆಯ ಡಿಸ್ಕೇ, ಎರಡನೆಯದೇ, ಮೂರನೆಯದೇ, ಸಮತಾ ಡಿಸ್ಕೇ ಎಂದು ಹೇಳುವ ದಾರಿ ಇಲ್ಲ. ಹಾಜರಿ ತೆಗೆದುಕೊಳ್ಳುವ ಶಿಕ್ಷಕರಿಗೆ ಗೈರುಹಾಜರಾದ ಹುಡುಗ ಯಾರೆಂದು ತಿಳಿಯುತ್ತದೆ. ಹಾಜರಿದ್ದು ಸುಳ್ಳು ಹೇಳುತ್ತಿರುವವನು ಯಾರೆಂದು ಹಾಜರಿ ಪುಸ್ತಕದಿಂದ ತಿಳಿಯುವುದಿಲ್ಲ.

ಪ್ರತಿ ಡಿಸ್ಕಿನ ಮಾಹಿತಿಗೂ ತಾಳೆಮೊತ್ತ ಇದ್ದರೆ ಈ ತೊಡಕು ಬಗೆಹರಿಯುತ್ತದೆ. ಎರಡನೆಯ ಡಿಸ್ಕಿನ ತಾಳೆಮೊತ್ತ ಹೊಂದುವುದಿಲ್ಲ. ಕೂಡಲೆ ಅದನ್ನು ‘ಗೈರುಹಾಜರು’ ಎಂದು ಭಾವಿಸಿ ಉಳಿದ ಮೂರರಿಂದ 0110ನ್ನು ಮರಳಿ ಪಡೆಯಬಹುದು. ಹೀಗೆ ತಾಳೆಮೊತ್ತ ತಪ್ಪುಗಾರನನ್ನು ತೋರಿಸುತ್ತದೆ, ರೇಡ್ ಸರಿಯಾದ ಮಾಹಿತಿಯನ್ನು ಒದಗಿಸುತ್ತದೆ. ಎರಡೂ ಇದ್ದಾಗ ಮಾತ್ರ ರಕ್ಷಣೆ ಪೂರ್ಣ.

ಇಂಥ ದೋಷ ಎಷ್ಟು ಸಾಮಾನ್ಯ?

ಮೌನ ವಿಕೃತಿ ಕೇವಲ ಊಹೆಯ ಅಪಾಯವಲ್ಲ. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು, ನೆಟ್‌ಆ್ಯಪ್ ಸಂಸ್ಥೆಯ ಸಂಶೋಧಕರೊಡನೆ ಸೇರಿ, 2008ರಲ್ಲಿ ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. ಬಳಕೆಯಲ್ಲಿದ್ದ ಸುಮಾರು 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳ ಅವಧಿಯಲ್ಲಿ ಗಮನಿಸಿದಾಗ, ತಾಳೆಮೊತ್ತ ಹೊಂದದ 4 ಲಕ್ಷಕ್ಕೂ ಹೆಚ್ಚು ಪ್ರಸಂಗಗಳು ಕಂಡುಬಂದವು. ಬಳಕೆಯ ಮೊದಲ 17 ತಿಂಗಳಲ್ಲಿ ಅಗ್ಗದ ಸಾಟಾ ಡಿಸ್ಕುಗಳ ಪೈಕಿ ಶೇ 0.66ರಷ್ಟರಲ್ಲಿ, ದುಬಾರಿಯ ಫೈಬರ್ ಚಾನೆಲ್ ಡಿಸ್ಕುಗಳ ಪೈಕಿ ಶೇ 0.06ರಷ್ಟರಲ್ಲಿ ಕನಿಷ್ಠ ಒಂದು ಇಂಥ ದೋಷ ಉಂಟಾಗಿತ್ತು. ದುಬಾರಿ ಡಿಸ್ಕು ಹತ್ತು ಪಟ್ಟು ಮೇಲು, ಆದರೆ ಅದೂ ದೋಷಮುಕ್ತವಲ್ಲ.

ಈ ಶೇಕಡಾವಾರು ಚಿಕ್ಕದೆನಿಸಬಹುದು. ಹತ್ತು ಸಾವಿರ ಡಿಸ್ಕುಗಳಿರುವ ಒಂದು ದತ್ತಕೇಂದ್ರದಲ್ಲಿ ಶೇ 0.66 ಎಂದರೆ 66 ಡಿಸ್ಕುಗಳು. ಯಾವ 66 ಎಂದು ಯಾರಿಗೂ ಮುಂಚಿತವಾಗಿ ಗೊತ್ತಿರುವುದಿಲ್ಲ.

ಸದ್ದಿಲ್ಲದ ನಾಲ್ಕು ದೋಷಗಳು

ಮೌನ ವಿಕೃತಿಯಲ್ಲಿ ನಾಲ್ಕು ಬಗೆಗಳನ್ನು ಗುರುತಿಸಬಹುದು.

1. ಬಿಟ್ ಕೆಡುವುದು: ದಾರಿಯಲ್ಲೋ ಡಿಸ್ಕಿನಲ್ಲೋ ಕೆಲವು ಬಿಟ್‌ಗಳು ಮಗುಚುತ್ತವೆ.

2. ದಾರಿತಪ್ಪಿದ ಬರಹ: ಮಾಹಿತಿ ಸರಿಯಾಗಿಯೇ ಇದೆ, ಆದರೆ 5000ನೆಯ ಸೆಕ್ಟರಿಗೆ ಹೋಗಬೇಕಾದ್ದು 6000ನೆಯ ಸೆಕ್ಟರಿಗೆ ಹೋಗಿದೆ. ಒಂದೇ ಏಟಿಗೆ ಎರಡು ಹಾನಿ: 6000ರಲ್ಲಿದ್ದ ಮಾಹಿತಿ ಅಳಿಯಿತು, 5000ರಲ್ಲಿ ಹಳೆಯದೇ ಉಳಿಯಿತು.

3. ಅರ್ಧಂಬರ್ಧ ಬರಹ: ಒಂದು ಬ್ಲಾಕಿನ ಎಂಟು ಸೆಕ್ಟರುಗಳಲ್ಲಿ ಮೂರು ಮಾತ್ರ ಹೊಸದಾಗಿ, ಉಳಿದ ಐದು ಹಳೆಯದಾಗಿಯೇ ಉಳಿದಿವೆ.

4. ಕಳೆದುಹೋದ ಬರಹ: ಡಿಸ್ಕು ‘ಬರೆದೆ’ ಎಂದು ಹೇಳಿತು, ಆದರೆ ಏನನ್ನೂ ಬರೆಯಲಿಲ್ಲ. ಅಲ್ಲಿ ನಿನ್ನೆಯ ಮಾಹಿತಿಯೇ ಇದೆ.

ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಪ್ರತಿಯೊಂದು ವಿಧಾನವನ್ನೂ ಇದರ ಎದುರಿಗಿಟ್ಟು ಪರೀಕ್ಷಿಸಬೇಕು.

520 ಬೈಟಿನ ಸೆಕ್ಟರ್

ಮನೆಯ ಕಂಪ್ಯೂಟರಿನ ಡಿಸ್ಕಿನಲ್ಲಿ ಸೆಕ್ಟರಿನ ಅಳತೆ 512 ಅಥವಾ 4096 ಬೈಟು. ಸಂಸ್ಥೆಗಳಿಗಾಗಿ ತಯಾರಾದ ಹಲವು ಡಿಸ್ಕುಗಳನ್ನು 520 ಬೈಟಿನ ಸೆಕ್ಟರುಗಳಾಗಿ ವಿಂಗಡಿಸಬಹುದು. 512 ಬೈಟು ಮಾಹಿತಿಗೆ, ಮಿಕ್ಕ 8 ಬೈಟು ಕಾವಲಿಗೆ. ಜಾಗದ ಖರ್ಚು ಮಾಹಿತಿಯ ಶೇ 1.6ರಷ್ಟು ಮಾತ್ರ.

ಈ 8 ಬೈಟುಗಳನ್ನು ಹೇಗೆ ಬಳಸಬೇಕೆಂದು ಟಿ10 ಎಂಬ ಮಾನಕ ಸಮಿತಿ ಗೊತ್ತುಪಡಿಸಿದೆ. ಮೊದಲ 2 ಬೈಟುಗಳಲ್ಲಿ ಮಾಹಿತಿಯ 16 ಬಿಟ್ ಸಿಆರ್‌ಸಿ ಇರುತ್ತದೆ. ನಂತರದ 2 ಬೈಟುಗಳನ್ನು ಬಳಸುವ ತಂತ್ರಾಂಶ ತನ್ನ ಗುರುತಿಗಾಗಿ ಇಟ್ಟುಕೊಳ್ಳಬಹುದು. ಕೊನೆಯ 4 ಬೈಟುಗಳಲ್ಲಿ, ಸಾಮಾನ್ಯ ಬಳಕೆಯಲ್ಲಿ, ಆ ಸೆಕ್ಟರಿನ ವಿಳಾಸ ಇರುತ್ತದೆ.

ವಿಳಾಸವನ್ನು ಒಳಗೇ ಬರೆಯುವುದರ ಲಾಭ ಏನು? ಲಕೋಟೆಯ ಮೇಲೆ ಮಾತ್ರವಲ್ಲದೆ ಪತ್ರದ ಒಳಗೂ ವಿಳಾಸ ಬರೆದಂತೆ ಇದು. ಪತ್ರ ಬೇರೆ ಮನೆಗೆ ಹೋದರೆ, ತೆರೆದವರಿಗೆ ಅದು ತಮ್ಮದಲ್ಲ ಎಂದು ತಿಳಿಯುತ್ತದೆ. 6000ನೆಯ ಸೆಕ್ಟರನ್ನು ಓದಿದಾಗ ಒಳಗೆ 5000 ಎಂದಿದ್ದರೆ, ಸಿಆರ್‌ಸಿ ಸರಿಯಿದ್ದರೂ, ಮಾಹಿತಿ ದಾರಿತಪ್ಪಿ ಬಂದಿದೆ ಎಂದು ಗೊತ್ತಾಗುತ್ತದೆ.

ಈ ಕ್ರಮದ ಇನ್ನೊಂದು ಗುಣವೆಂದರೆ ತಪಾಸಣೆ ದಾರಿಯುದ್ದಕ್ಕೂ ನಡೆಯುವುದು. ಕಂಪ್ಯೂಟರಿನ ನಿಯಂತ್ರಕ ಕಾರ್ಡು 8 ಬೈಟುಗಳನ್ನು ಸೇರಿಸಿ ಕಳಿಸುತ್ತದೆ. ಡಿಸ್ಕು ಬರೆಯುವ ಮೊದಲು ತಾಳೆ ನೋಡುತ್ತದೆ. ಹೊಂದದಿದ್ದರೆ ಬರೆಯಲು ಒಪ್ಪುವುದಿಲ್ಲ. ಕೆಟ್ಟ ಮಾಹಿತಿ ಒಳಗೆ ಸೇರುವ ಮುನ್ನವೇ ಬಾಗಿಲಲ್ಲಿ ನಿಂತುಬಿಡುತ್ತದೆ.

ಮೊದಲ ಎರಡು ದೋಷಗಳು ಇದರಿಂದ ಸಿಕ್ಕಿಬಿದ್ದವು. ಮೂರನೆಯದು? ಅರ್ಧಂಬರ್ಧ ಬರಹದಲ್ಲಿ ಪ್ರತಿ ಸೆಕ್ಟರೂ ತನ್ನ ಮಟ್ಟಿಗೆ ಸರಿಯಾಗಿರುತ್ತದೆ, ಹೊಸದಕ್ಕೆ ಹೊಸ ಸಿಆರ್‌ಸಿ, ಹಳೆಯದಕ್ಕೆ ಹಳೆಯ ಸಿಆರ್‌ಸಿ. ಆದ್ದರಿಂದ ಸೆಕ್ಟರಿಗೊಂದು ತಾಳೆಮೊತ್ತ ಸಾಲದು. ಎಂಟು ಸೆಕ್ಟರು ಸೇರಿದ 4096 ಬೈಟಿನ ಬ್ಲಾಕಿಗೆ ಒಟ್ಟಾಗಿ ಒಂದು ತಾಳೆಮೊತ್ತ ಬೇಕು. ಎಂಟು ಸೆಕ್ಟರುಗಳ 8 ಬೈಟುಗಳನ್ನು ಒಟ್ಟು ಸೇರಿಸಿದರೆ 64 ಬೈಟು ಸಿಗುತ್ತದೆ. ನೆಟ್‌ಆ್ಯಪ್ ವ್ಯವಸ್ಥೆಗಳು ಈ 64 ಬೈಟಿನಲ್ಲಿ ಇಡೀ ಬ್ಲಾಕಿನ ತಾಳೆಮೊತ್ತವನ್ನೂ ಬ್ಲಾಕಿನ ಗುರುತನ್ನೂ ಇಡುವ ಕ್ರಮವನ್ನು ಅನುಸರಿಸಿದವು.

ತಾಳೆಮೊತ್ತ ಎಲ್ಲಿರಬೇಕು?

ಉಳಿದದ್ದು ನಾಲ್ಕನೆಯ ದೋಷ, ಎಲ್ಲಕ್ಕಿಂತ ಕಠಿಣವಾದದ್ದು. ಬರಹ ಕಳೆದುಹೋದಾಗ ಸೆಕ್ಟರಿನಲ್ಲಿ ಹಳೆಯ ಮಾಹಿತಿ ಇದೆ, ಅದರ ಪಕ್ಕದಲ್ಲಿ ಹಳೆಯ ತಾಳೆಮೊತ್ತ ಇದೆ, ವಿಳಾಸವೂ ಸರಿಯಿದೆ. ಎಷ್ಟು ಉದ್ದದ, ಎಷ್ಟು ಜಾಣ ತಾಳೆಮೊತ್ತ ಹಾಕಿದರೂ ಪ್ರಯೋಜನವಿಲ್ಲ. ಹಳೆಯದು ಹಳೆಯದರೊಡನೆ ಸೊಗಸಾಗಿ ಹೊಂದುತ್ತದೆ.

ಗ್ರಂಥಾಲಯದ ಹೋಲಿಕೆ ತೆಗೆದುಕೊಳ್ಳಿ. ಪುಸ್ತಕದ ಒಳಗೆ ‘ಇದು ಎರಡನೆಯ ಮುದ್ರಣ, 240 ಪುಟ’ ಎಂಬ ಚೀಟಿ ಇದೆ. ಮೂರನೆಯ ಮುದ್ರಣವನ್ನು ತಂದಿಡಬೇಕಾದವರು ಇಡಲೇ ಇಲ್ಲ. ಚೀಟಿ ನೋಡಿ ಪುಟ ಎಣಿಸಿದರೆ ಎಲ್ಲವೂ ಸರಿ. ತಪ್ಪು ತಿಳಿಯಬೇಕಾದರೆ ಗ್ರಂಥಪಾಲಕರ ಮೇಜಿನ ಮೇಲಿರುವ ದಾಖಲೆ ಪುಸ್ತಕವನ್ನು ನೋಡಬೇಕು. ಅಲ್ಲಿ ‘ಮೂರನೆಯ ಮುದ್ರಣ, 272 ಪುಟ’ ಎಂದಿರುತ್ತದೆ.

ಕಡತ ವ್ಯವಸ್ಥೆಯಲ್ಲಿಯೂ ಇಂಥ ದಾಖಲೆ ಪುಸ್ತಕ ಇದ್ದೇ ಇದೆ. ಕಡತದ ಬ್ಲಾಕುಗಳು ಎಲ್ಲೆಲ್ಲಿವೆ ಎಂದು ಸೂಚಿಸುವ ಮೇಲ್ಮಟ್ಟದ ಬ್ಲಾಕು ಅದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೆಫ್ ಬಾನ್‌ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ನೇತೃತ್ವದಲ್ಲಿ ರೂಪುಗೊಂಡು 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ, ಪ್ರತಿ ಬ್ಲಾಕಿನ ತಾಳೆಮೊತ್ತವನ್ನು ಆ ಬ್ಲಾಕಿನ ಪಕ್ಕದಲ್ಲಿ ಇಡದೆ, ಅದನ್ನು ಸೂಚಿಸುವ ಮೇಲಿನ ಬ್ಲಾಕಿನಲ್ಲಿ ಇಡುತ್ತದೆ. ಆ ಮೇಲಿನ ಬ್ಲಾಕಿನ ತಾಳೆಮೊತ್ತ ಇನ್ನೂ ಮೇಲಿನದರಲ್ಲಿ. ಹೀಗೆ ಎಲೆಯಿಂದ ಬೇರಿನವರೆಗೆ ಒಂದು ಮರವೇ ಏರ್ಪಡುತ್ತದೆ. ಈ ರಚನೆಯನ್ನು 1979ರಲ್ಲಿ ಪ್ರತಿಪಾದಿಸಿದ ರಾಲ್ಫ್ ಮರ್ಕಲ್ ಅವರ ಹೆಸರಿನಿಂದ ಇದನ್ನು ‘ಮರ್ಕಲ್ ಮರ’ ಎನ್ನುತ್ತಾರೆ. ಯಾವುದೋ ಬ್ಲಾಕಿನ ಬರಹ ಕಳೆದುಹೋಗಿದ್ದರೆ, ಮೇಲಿನ ಬ್ಲಾಕಿನಲ್ಲಿರುವ ಹೊಸ ತಾಳೆಮೊತ್ತ ಕೆಳಗಿನ ಹಳೆಯ ಮಾಹಿತಿಯೊಡನೆ ಹೊಂದುವುದಿಲ್ಲ. ಮೊದಲ ಮೂರು ದೋಷಗಳೂ ಇದೇ ಬಲೆಗೆ ಬೀಳುತ್ತವೆ.

ಇನ್ನೊಂದು ಸ್ವಾರಸ್ಯವಿದೆ. ಝಡ್‌ಎಫ್‌ಎಸ್ ಸಾಮಾನ್ಯ ಮಾಹಿತಿಗೆ ಬಳಸುವ ತಾಳೆಮೊತ್ತ ನಾವು ಆಗಲೇ ನೋಡಿದ ಫ್ಲೆಚರ್ ಕ್ರಮದ್ದು. ಎರಡರ ಬದಲು ನಾಲ್ಕು ಏರುಮೊತ್ತಗಳಿರುತ್ತವೆ ಅಷ್ಟೆ. ಅಂದರೆ ಕಳೆದುಹೋದ ಬರಹವನ್ನು ಹಿಡಿದದ್ದು ಗಣಿತದ ಜಟಿಲತೆಯಲ್ಲ. ಕಾವಲುಗಾರನನ್ನು ನಿಲ್ಲಿಸಿದ ಜಾಗ. ತಾಳೆಮೊತ್ತವನ್ನು ಕುರಿತ ಪಾಠಗಳಲ್ಲಿ ಸೂತ್ರಕ್ಕೆ ಸಿಗುವಷ್ಟು ಗಮನ ಈ ಅಂಶಕ್ಕೂ ಸಿಗಬೇಕು.

ತಾಳೆಯಾಗದ ಬ್ಲಾಕು ಸಿಕ್ಕಾಗ ಝಡ್‌ಎಫ್‌ಎಸ್ ಇನ್ನೊಂದು ಡಿಸ್ಕಿನಲ್ಲಿರುವ ಪ್ರತಿಯನ್ನೋ ಸಮತಾ ಮಾಹಿತಿಯಿಂದ ಕಟ್ಟಿದ ಪ್ರತಿಯನ್ನೋ ತರಿಸಿ, ಅದನ್ನೂ ತಾಳೆ ನೋಡಿ, ಸರಿಯಿದ್ದರೆ ಬಳಕೆದಾರರಿಗೆ ಕೊಡುತ್ತದೆ. ಜೊತೆಗೆ ಕೆಟ್ಟ ಪ್ರತಿಯ ಮೇಲೆ ಸರಿಯಾದದ್ದನ್ನು ಬರೆದು ಗಾಯ ಮಾಯಿಸುತ್ತದೆ. ಲಿನಕ್ಸಿನ ಬಿಟಿಆರ್‌ಎಫ್‌ಎಸ್ ಸಹ ತಾಳೆಮೊತ್ತಗಳನ್ನು ಮಾಹಿತಿಯಿಂದ ಬೇರೆಯಾಗಿ, ತನ್ನದೇ ಆದ ಒಂದು ಮರದಲ್ಲಿ ಇಡುತ್ತದೆ.

ಗಸ್ತು ತಿರುಗುವುದು

ತಾಳೆಮೊತ್ತ ಎಷ್ಟೇ ಚೆನ್ನಾಗಿದ್ದರೂ, ಮಾಹಿತಿಯನ್ನು ಓದಿದಾಗ ಮಾತ್ರ ತಪ್ಪು ಬೆಳಕಿಗೆ ಬರುತ್ತದೆ. ವರ್ಷಗಟ್ಟಲೆ ಯಾರೂ ತೆರೆಯದ ಕಡತದ ಗತಿ ಏನು? ಅದು ಕೆಟ್ಟದ್ದು ತಿಳಿಯುವ ಹೊತ್ತಿಗೆ ಅದರ ಜೊತೆಯ ಡಿಸ್ಕೂ ಸತ್ತಿರಬಹುದು. ಮೇಲೆ ಹೇಳಿದ 2008ರ ಅಧ್ಯಯನದಲ್ಲಿ, ಸರಾಸರಿ ಶೇ 8ರಷ್ಟು ವಿಕೃತಿಗಳು ಪತ್ತೆಯಾದದ್ದು ಸತ್ತ ಡಿಸ್ಕಿನ ಮಾಹಿತಿಯನ್ನು ಉಳಿದವುಗಳಿಂದ ಮರಳಿ ಕಟ್ಟುತ್ತಿದ್ದಾಗ, ಅಂದರೆ ಉಳಿದ ಪ್ರತಿಯೊಂದು ಡಿಸ್ಕೂ ಸರಿಯಾಗಿರಲೇಬೇಕಾದ ಗಳಿಗೆಯಲ್ಲಿ.

ಆದ್ದರಿಂದ ದೊಡ್ಡ ವ್ಯವಸ್ಥೆಗಳು ಕೆಲಸ ಕಡಿಮೆ ಇರುವ ಹೊತ್ತಿನಲ್ಲಿ ಎಲ್ಲ ಬ್ಲಾಕುಗಳನ್ನೂ ತಾವಾಗಿ ಓದಿ ತಾಳೆ ನೋಡುತ್ತವೆ. ಇದಕ್ಕೆ ‘ಸ್ಕ್ರಬ್ಬಿಂಗ್’ ಎಂದು ಹೆಸರು. ರಾತ್ರಿ ಗಸ್ತು ಎನ್ನಬಹುದು. 20 ಟೆರಾಬೈಟ್‌ನ ಡಿಸ್ಕನ್ನು ಸೆಕೆಂಡಿಗೆ 250 ಮೆಗಾಬೈಟ್ ವೇಗದಲ್ಲಿ ಎಡೆಬಿಡದೆ ಓದಿದರೂ 80,000 ಸೆಕೆಂಡು, ಅಂದರೆ 22 ಗಂಟೆಗೂ ಹೆಚ್ಚು ಕಾಲ ಬೇಕು. ನಡುವೆ ದಿನನಿತ್ಯದ ಕೆಲಸವೂ ನಡೆಯಬೇಕಾದ್ದರಿಂದ ಒಂದು ಸುತ್ತು ಮುಗಿಯಲು ಹಲವು ದಿನಗಳೇ ಹಿಡಿಯುತ್ತವೆ. ಡಿಸ್ಕುಗಳ ಗಾತ್ರ ಬೆಳೆದಷ್ಟು ವೇಗ ಬೆಳೆದಿಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಲೆಕ್ಕ ಹಾಕುವ ಶ್ರಮ ಮಾತ್ರ ಈಗ ಹೊರೆಯಾಗಿ ಉಳಿದಿಲ್ಲ. ಇಂಟೆಲ್ 2008ರಲ್ಲಿ ತಂದ ಸಂಸ್ಕಾರಕಗಳಿಂದ ಮೊದಲುಗೊಂಡು, 32 ಬಿಟ್‌ನ ಒಂದು ಬಗೆಯ ಸಿಆರ್‌ಸಿಯನ್ನು ಲೆಕ್ಕ ಹಾಕಲು ಪ್ರತ್ಯೇಕ ಆದೇಶವೇ ಯಂತ್ರಾಂಶದಲ್ಲಿ ಸೇರಿದೆ.

ಮಿತಿಗಳು

ತಾಳೆಮೊತ್ತದಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ತಾಳೆಮೊತ್ತ ಲೆಕ್ಕ ಹಾಕುವ ಮೊದಲೇ ಕಂಪ್ಯೂಟರಿನ ಸ್ಮೃತಿಯಲ್ಲಿ ಮಾಹಿತಿ ಕೆಟ್ಟಿದ್ದರೆ, ಕೆಟ್ಟದ್ದಕ್ಕೇ ಸರಿಯಾದ ತಾಳೆಮೊತ್ತ ಸಿದ್ಧವಾಗುತ್ತದೆ. ಸರ್ವರ್ ಕಂಪ್ಯೂಟರುಗಳಲ್ಲಿ ದೋಷ ತಿದ್ದುವ ಸ್ಮೃತಿಯನ್ನು ಬಳಸುವುದು ಇದಕ್ಕಾಗಿ. ಉದ್ದೇಶಪೂರ್ವಕವಾಗಿ ಮಾಹಿತಿ ತಿದ್ದುವವರನ್ನು ಸಿಆರ್‌ಸಿ ತಡೆಯಲಾರದು. ಮಾಹಿತಿಯನ್ನು ತಿದ್ದಿದವರು ಶೇಷವನ್ನೂ ತಿದ್ದಬಲ್ಲರು. ಅಲ್ಲಿ ಗೂಢಲಿಪಿ ಶಾಸ್ತ್ರದ ವಿಧಾನಗಳು ಬೇಕು. ಗುಮಾಸ್ತರು 38ರ ಬದಲು 30 ಎಂದು ತಾವೇ ಟೈಪಿಸಿದರೆ ಯಾವ ತಾಳೆಮೊತ್ತಕ್ಕೂ ತಿಳಿಯದು. ಬೆಂಕಿ, ಕಳವು, ತಪ್ಪಾಗಿ ಅಳಿಸುವುದು ಇವುಗಳಿಗೆ ಮದ್ದು ಬೇರೆ ಕಡೆ ಇಟ್ಟ ಇನ್ನೊಂದು ಪ್ರತಿ ಮಾತ್ರ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಈ ವಿಷಯವನ್ನು ಕಂಪ್ಯೂಟರ್ ಇಲ್ಲದೆಯೂ ಕಲಿಸಬಹುದು. ಮೂವರು ವಿದ್ಯಾರ್ಥಿಗಳಿಗೆ 247, 538, 619 ಎಂಬ ಸಂಖ್ಯೆಗಳನ್ನು ಕೊಡಿ. ನಾಲ್ಕನೆಯವರಿಗೆ ಮೊತ್ತ 1404 ಕೊಡಿ. ಇದು ನಿಮ್ಮ ರೇಡ್.

ಮೊದಲ ಸುತ್ತು: ಎರಡನೆಯ ವಿದ್ಯಾರ್ಥಿ ಹೊರಗೆ ಹೋಗಲಿ. ಉಳಿದವರು ಆ ಸಂಖ್ಯೆಯನ್ನು ಕಂಡುಹಿಡಿಯಲಿ.

ಎರಡನೆಯ ಸುತ್ತು: ಆ ವಿದ್ಯಾರ್ಥಿ ಗುಟ್ಟಾಗಿ 538ನ್ನು 548 ಮಾಡಲಿ. ಮೊತ್ತ ಹೊಂದುವುದಿಲ್ಲ, ಬದಲಿಸಿದವರು ಯಾರೆಂದು ತರಗತಿ ಹೇಳಬಲ್ಲದೇ ಕೇಳಿ.

ಮೂರನೆಯ ಸುತ್ತು: ಪ್ರತಿಯೊಬ್ಬರೂ ತಮ್ಮ ಮೂಲ ಸಂಖ್ಯೆಯನ್ನು 9ರಿಂದ ಭಾಗಿಸಿ ಬಂದ ಶೇಷವನ್ನು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಲಿ: 4, 7, 7. ಈಗ 548ರ ಶೇಷ 8 ಬರುವುದರಿಂದ ತಪ್ಪುಗಾರ ಸಿಕ್ಕಿಬೀಳುತ್ತಾನೆ.

ನಾಲ್ಕನೆಯ ಸುತ್ತು: ಎರಡನೆಯ ವಿದ್ಯಾರ್ಥಿಗೆ 538 ಅಳಿಸಿ 725 ಬರೆದುಕೊಳ್ಳಲು ಹೇಳಿ; ಮೊತ್ತವನ್ನು 1591ಕ್ಕೆ ತಿದ್ದಿಸಿ. ಆದರೆ ಆತ ಬರೆಯದೆ ‘ಬರೆದೆ’ ಎನ್ನಲಿ. ಆತನ ಕೈಯಲ್ಲಿರುವ ಚೀಟಿ 7 ಎಂದೇ ಹೇಳುತ್ತದೆ, 538ಕ್ಕೆ ಅದು ಸರಿಯಾಗಿಯೇ ಇದೆ. ಈಗ ಅದೇ ಸುತ್ತನ್ನು, ಚೀಟಿಗಳನ್ನು ಪಕ್ಕದವರ ಕೈಗೆ ಕೊಟ್ಟು ಮತ್ತೆ ಆಡಿಸಿ. ಪಕ್ಕದವರ ಚೀಟಿಯಲ್ಲಿ 725ರ ಶೇಷ 5 ಇರುತ್ತದೆ. ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ವಿವರಿಸಲಿ.

ಕೊನೆಗೆ ಒಂದು ಪ್ರಶ್ನೆ. 538 ಎಂಬುದು 583 ಆದರೆ 9ರ ಶೇಷ ಆ ತಪ್ಪನ್ನು ಹಿಡಿಯುವುದಿಲ್ಲ. 11ರಿಂದ ಭಾಗಿಸಿದರೆ ಹಿಡಿಯುತ್ತದೆ. ಏಕೆ? ಹತ್ತು ಅಂಕಿಗಳಿದ್ದ ಹಳೆಯ ಐಎಸ್‌ಬಿಎನ್ 11ನ್ನೇ ಆರಿಸಿಕೊಂಡದ್ದು ಏಕೆ ಎಂಬುದೂ ಇದೇ ಉತ್ತರದಲ್ಲಿ ಸಿಗುತ್ತದೆ.